ಲಿವರ್ ಗಡ್ಡೆ ತೆಗೆದ ಮೇಲೆ ಮುಂದೇನು: ಜೀನ್ ಲೆಕ್ಕದ ಹಿಂದೆ ಬಿದ್ದ ನನ್ನ ಪ್ರಾಜೆಕ್ಟ್

ಎಂಎಸ್ಸಿ ಕೊನೆಯ ಸೆಮಿಸ್ಟರ್‌ಗೆ ಪ್ರಾಜೆಕ್ಟ್ ಮಾಡಲೇಬೇಕು. ಶಂಕರಘಟ್ಟದಲ್ಲಿ ನನ್ನ ಜೊತೆಗಿದ್ದವರಲ್ಲಿ ಹೆಚ್ಚಿನವರು ಯಾವುದಾದರೂ ಗಿಡದ ರಸ ತೆಗೆದು ಬ್ಯಾಕ್ಟೀರಿಯಾ ಮೇಲೆ ಪರೀಕ್ಷೆ ಮಾಡುವ ಕೆಲಸ ಹಿಡಿದರು. ತಪ್ಪೇನಿಲ್ಲ, ಮಲೆನಾಡಲ್ಲಿ ಗಿಡಕ್ಕೆ ಬರವಾ? ನನಗೆ ಮಾತ್ರ ಪಿಪೆಟ್ ಹಿಡಿದು ನಿಲ್ಲುವುದಕ್ಕಿಂತ ಲ್ಯಾಪ್‌ಟಾಪ್ ಮುಂದೆ ಕೂರುವುದೇ ಸಲೀಸು. ಮೇಡಂ ಹತ್ತಿರ ಹೋಗಿ, ಲಿವರ್ ಕ್ಯಾನ್ಸರ್ ಆಪರೇಷನ್ ಆದವರಲ್ಲಿ ಯಾರಿಗೆ ಅದು ಮತ್ತೆ ಬರುತ್ತದೆ ಅನ್ನುವುದನ್ನು ಜೀನ್ ಎಕ್ಸ್‌ಪ್ರೆಷನ್ ನೋಡಿ ಮೊದಲೇ ಹೇಳಲು ಆಗುತ್ತದಾ ಅಂತ ನೋಡ್ತೀನಿ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಇದರ ಮೇಲೆ ರಾಶಿ ಪೇಪರ್ ಬಂದಿವೆ. ನೀನು ಹೊಸದೇನು ಮಾಡ್ತೀಯಾ?" ಹೊಸದೇನೂ ಇಲ್ಲ ಮೇಡಂ, ಬಂದಿರೋದು ನಿಲ್ಲುತ್ತಾ ಬೀಳುತ್ತಾ ಅಂತ ನಾನೇ ಮಾಡಿ ನೋಡ್ತೀನಿ ಅಂದೆ. ಅದು ಅವರಿಗೆ ಹಿಡಿಸಿತು.

ಈ ವಿಷಯವೇ ಯಾಕೆ ಅಂದರೆ ನಮ್ಮ ದೊಡ್ಡಪ್ಪ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಅವರ ಅಡಿಕೆ ತೋಟ. ಹಿಂದಿನ ವರ್ಷ ಅವರ ಲಿವರ್‌ನಲ್ಲಿ ಗಡ್ಡೆ ಇದೆ ಅಂತ ಗೊತ್ತಾಗಿ, ಘಟ್ಟ ಇಳಿದು ಕರಾವಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದ್ದೆವು. ಹನಿ ಹೆಂಡ ಮುಟ್ಟದ ಮನುಷ್ಯ. ಆದರೂ ಲಿವರ್ ಕ್ಯಾನ್ಸರ್ ಅಂದ ಕೂಡಲೇ ಊರಲ್ಲಿ, ಒಳಗೊಳಗೇ ಕುಡೀತಿದ್ರೇನೋ ಅಂತ ಮಾತಾಡಿಕೊಂಡರು. ಅವರಿಗಿದ್ದದ್ದು ಹೆಪಟೈಟಿಸ್ ಬಿ. ಎಷ್ಟೋ ಜನರಿಗೆ ಇದು ಹುಟ್ಟುವಾಗಲೇ ಅಮ್ಮನಿಂದ ಬಂದಿರುತ್ತದೆ, ಹತ್ತಾರು ವರ್ಷ ಏನೂ ತೊಂದರೆ ಕೊಡದೆ ಒಳಗೇ ಇರುತ್ತದೆ. ನಮ್ಮ ಕಡೆ ಕಾಮಾಲೆ ಅಂದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ಔಷಧಿ ಕುಡಿಸಿ, ಪಥ್ಯ ಹೇಳಿ, ವಾಸಿಯಾಯ್ತು ಅಂತ ಬಿಟ್ಟುಬಿಡುತ್ತಾರಲ್ಲ, ಅದರಲ್ಲಿ ಯಾವುದು ತಾನಾಗಿಯೇ ಹೋಗುವ ಕಾಮಾಲೆ, ಯಾವುದು ಒಳಗೇ ಉಳಿಯುವ ಬಿ ವೈರಸ್ ಅಂತ ರಕ್ತ ಪರೀಕ್ಷೆ ಇಲ್ಲದೆ ಯಾರಿಗೂ ಗೊತ್ತಾಗಲ್ಲ.

ಡಿಸ್‌ಚಾರ್ಜ್ ಮಾಡುವಾಗ ಡಾಕ್ಟರ್ ಹೇಳಿದ್ದು ಎರಡು ಮಾತು. ಗಡ್ಡೆ ಪೂರ್ತಿ ತೆಗೆದಿದ್ದೇವೆ. ಮೂರು ತಿಂಗಳಿಗೊಮ್ಮೆ ಬಂದು ಸ್ಕ್ಯಾನ್ ಮಾಡಿಸಿ. ದೊಡ್ಡಪ್ಪನಿಗೆ ಈ ಎರಡು ಮಾತು ಒಂದಕ್ಕೊಂದು ಕೂಡಲೇ ಇಲ್ಲ. "ಪೂರ್ತಿ ತೆಗೆದ ಮೇಲೆ ಮತ್ತೆ ಯಾಕೆ ಬರಬೇಕು ಮಾರಾಯ್ತಿ? ಇಲ್ಲಾ ಪೂರ್ತಿ ತೆಗೆದಿಲ್ಲ, ಇಲ್ಲಾ ದುಡ್ಡಿಗೆ ಕರೀತಾರೆ" ಅನ್ನುವುದು ಅವರ ವಾದ. ನಾನು ಓದಿದವಳು ಅಂತ ನನ್ನನ್ನೇ ಕೇಳುತ್ತಿದ್ದರು.

ಅವರ ಪ್ರಶ್ನೆ ಸಣ್ಣದಲ್ಲ. ಲಿವರ್ ಕ್ಯಾನ್ಸರ್ ಅಂತ ನಾವು ಕರೆಯುವುದರಲ್ಲಿ ದೊಡ್ಡ ಪಾಲು ಹೆಪಟೋಸೆಲ್ಯುಲರ್ ಕಾರ್ಸಿನೋಮ, ಅಂದರೆ ಲಿವರ್‌ನ ಸ್ವಂತ ಕೋಶದಿಂದಲೇ ಹುಟ್ಟುವ ಕ್ಯಾನ್ಸರ್. ಗಡ್ಡೆ ಚೆನ್ನಾಗಿ ಕತ್ತರಿಸಿ ತೆಗೆದವರಲ್ಲೂ 5 ವರ್ಷದೊಳಗೆ 70% ಹತ್ತಿರ ಜನರಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಉಳಿದ 30% ಯಾರು? ಅದನ್ನು ಮೊದಲೇ ಹೇಳಿದರೆ ಅರ್ಧ ಭಯ ಹೋಗುತ್ತದೆ ಅಲ್ವಾ?

ಜೀನ್ ಎಕ್ಸ್‌ಪ್ರೆಷನ್ ಅಂದರೇನು ಅಂತ ಒಂದು ಸಲ ಹೇಳಿಬಿಡ್ತೀನಿ. ಮೈಯ ಎಲ್ಲಾ ಕೋಶಗಳಲ್ಲೂ ಇರುವ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಆದರೆ ಎಲ್ಲವೂ ಎಲ್ಲಾ ಕಡೆ ಕೆಲಸ ಮಾಡಲ್ಲ. ಆಲ್ಬುಮಿನ್ ಜೀನ್ ಲಿವರ್‌ನಲ್ಲಿ ಜೋರಾಗಿ ಕೆಲಸ ಮಾಡುತ್ತದೆ, ಚರ್ಮದಲ್ಲಿ ಸುಮ್ಮನಿರುತ್ತದೆ. ಕೆಲಸ ಮಾಡುವ ಜೀನ್‌ನಿಂದ ಆರ್‌ಎನ್‌ಎ ಪ್ರತಿಗಳು ಹೊರಬರುತ್ತವೆ. ಎಷ್ಟು ಪ್ರತಿ ಇವೆ ಅಂತ ಅಳೆದರೆ ಯಾವ ಜೀನ್ ಎಷ್ಟು ಜೋರಾಗಿದೆ ಅಂತ ಗೊತ್ತಾಗುತ್ತದೆ. ಅಷ್ಟೇ. ಇದು ತುಂಬಾ ಹೊಸದೂ ಅಲ್ಲ. ದೊಡ್ಡಪ್ಪ ಪ್ರತಿ ಸಲ ಕೊಡುವ ಎಎಫ್‌ಪಿ ರಕ್ತ ಪರೀಕ್ಷೆ ಇದೆಯಲ್ಲ, ಅದೂ ಒಂದೇ ಒಂದು ಜೀನ್‌ನ ಕಥೆ. ಮಗು ಹೊಟ್ಟೆಯಲ್ಲಿದ್ದಾಗ ಅದರ ಲಿವರ್ ಆಲ್ಫಾ ಫೀಟೋಪ್ರೋಟೀನ್ ಮಾಡುತ್ತದೆ, ಹುಟ್ಟಿದ ಮೇಲೆ ಆ ಜೀನ್ ಬಹುತೇಕ ನಿಂತುಹೋಗುತ್ತದೆ, ಕೆಲವು ಗಡ್ಡೆಗಳಲ್ಲಿ ಮತ್ತೆ ಶುರುವಾಗಿ ರಕ್ತದಲ್ಲಿ ಸಿಗುತ್ತದೆ. ನಾನು ಮಾಡಹೊರಟಿದ್ದು ಅದನ್ನೇ ಸಾವಿರಾರು ಜೀನ್‌ಗಳಿಗೆ ಒಟ್ಟಿಗೆ ಮಾಡುವುದು.

ನನ್ನ ಹತ್ತಿರ ರೋಗಿಗಳಿಲ್ಲ, ಲ್ಯಾಬಿಲ್ಲ, ದುಡ್ಡಂತೂ ಇಲ್ಲವೇ ಇಲ್ಲ. ಈ ವಿಜ್ಞಾನದಲ್ಲಿ ಇರುವ ಒಂದು ಒಳ್ಳೆಯ ಪದ್ಧತಿ ಅಂದರೆ ಪೇಪರ್ ಪ್ರಕಟಿಸುವವರು ತಮ್ಮ ಡೇಟಾವನ್ನು ಜಿಇಒ ಅನ್ನುವ ಅಮೆರಿಕದ ಸರ್ಕಾರಿ ಸಂಗ್ರಹದಲ್ಲಿ ಇಡುತ್ತಾರೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಪುಕ್ಕಟೆ. ನಾನು ತೆಗೆದುಕೊಂಡಿದ್ದು ಜಿಎಸ್‌ಇ14520. ಆಪರೇಷನ್ ಆದ ಇನ್ನೂರಕ್ಕೂ ಹೆಚ್ಚು ಚೀನಾ ರೋಗಿಗಳ ಡೇಟಾ, ಬಹುಪಾಲು ಎಲ್ಲರಿಗೂ ಹೆಪಟೈಟಿಸ್ ಬಿ. ಗಡ್ಡೆಯದು ಬೇರೆ, ಪಕ್ಕದ ಗಡ್ಡೆಯಿಲ್ಲದ ಲಿವರ್‌ನದು ಬೇರೆ ಅಂತ ಎರಡೂ ಇದೆ. ಹೋಲಿಸಿ ನೋಡಲು, ಹಲವು ಬಗೆಯ ಕ್ಯಾನ್ಸರ್ ಗಡ್ಡೆಗಳ ಜೀನ್ ಡೇಟಾ ಕೂಡಿಸಿದ ಟಿಸಿಜಿಎ ಅನ್ನುವ ದೊಡ್ಡ ಯೋಜನೆಯ ಲಿವರ್ ಭಾಗ, ಅದರಲ್ಲಿ 370ರಷ್ಟು ಗಡ್ಡೆಗಳು.

ಇಳಿಸಿಕೊಳ್ಳುವುದೇ ಒಂದು ಕಥೆ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ಸಿಗ್ನಲ್ ಬೇಕು ಅಂದರೆ ತೋಟದ ಮೇಲಿನ ಗುಡ್ಡದ ಹತ್ತಿರ ಹೋಗಬೇಕು, ಅಲ್ಲಿ ಉಂಬಳ. ಕೊನೆಗೆ ಹಾಸ್ಟೆಲ್‌ನಲ್ಲೇ ರಾತ್ರಿ ಹಾಕಿಟ್ಟು ಇಳಿಸಿಕೊಂಡೆ.

ಫೈಲ್ ತೆರೆದಾಗ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ. ಒಂದು ಫೈಲ್‌ನಲ್ಲಿ ಬರೀ ಅಂಕಿ. ಅಡ್ಡಕ್ಕೆ ಜೀನ್ ಹುಡುಕುವ ಪ್ರೋಬ್‌ಗಳು, ಸುಮಾರು 22,000 ಸಾಲು. ಉದ್ದಕ್ಕೆ ರೋಗಿಗಳು. 4.1, 9.7, 6.3 ಅಂತ ಕಣ್ಣು ಹರಿದಷ್ಟೂ. ಇನ್ನೊಂದು ಫೈಲ್ ಚಿಕ್ಕದು, ಅದೇ ಜಾಸ್ತಿ ಕಾಡಿದ್ದು. ಒಬ್ಬೊಬ್ಬ ರೋಗಿಗೆ ಒಂದು ಸಾಲು. ಗಂಡೋ ಹೆಣ್ಣೋ, ವಯಸ್ಸೆಷ್ಟು, ಗಡ್ಡೆ 5 ಸೆಂಟಿಮೀಟರ್‌ಗಿಂತ ದೊಡ್ಡದಾ, ಒಂದೇ ಇತ್ತಾ ಹಲವಿತ್ತಾ, ಸಿರೋಸಿಸ್ (ಲಿವರ್ ನಾರುಗಟ್ಟಿ ಹಾಳಾಗುವುದು) ಇತ್ತಾ, ಎಎಫ್‌ಪಿ 300ಕ್ಕಿಂತ ಮೇಲಾ ಕೆಳಗಾ. ಆಮೇಲೆ ಒಂದು ಕಾಲಂನಲ್ಲಿ 0 ಅಥವಾ 1, ಅದರ ಪಕ್ಕ ಎಷ್ಟು ತಿಂಗಳು ಅಂತ. 1 ಅಂದರೆ ತೀರಿಕೊಂಡರು. 0 ಅಂದರೆ ಕೊನೆಯ ಸಲ ವಿಚಾರಿಸಿದಾಗ ಇದ್ದರು. ಮತ್ತೆ ಬಂತಾ ಇಲ್ವಾ ಅನ್ನುವುದಕ್ಕೂ ಹಾಗೇ ಇನ್ನೊಂದು ಜೋಡಿ ಕಾಲಂ. ಹೆಸರಿಲ್ಲ, ಊರಿಲ್ಲ. ಆದರೂ ಗಂಡು, ಐವತ್ತರ ಮೇಲೆ ವಯಸ್ಸು, ಹೆಪಟೈಟಿಸ್ ಬಿ, ಒಂದೇ ಗಡ್ಡೆ ಅಂತ ಓದುವಾಗ ನಮ್ಮ ಮನೆಯವರೇ ಕಣ್ಣ ಮುಂದೆ ಬರುತ್ತಾರೆ. ಬಲಗಡೆಯ ಕಾಲಂ ನೋಡುವ ಮೊದಲು ಕೈ ನಿಲ್ಲುತ್ತದೆ.

ಈ 0 ಬರೆದಿರುವವರ ಲೆಕ್ಕವೇ ತಲೆ ಕೆಡಿಸುವಂಥದ್ದು. ಒಬ್ಬರು 20 ತಿಂಗಳಿಗೆ ಆಸ್ಪತ್ರೆಗೆ ಬರುವುದು ನಿಲ್ಲಿಸಿದರು ಅಂದುಕೊಳ್ಳಿ. ಆಮೇಲೆ ಅವರಿಗೆ ಏನಾಯ್ತೋ ಗೊತ್ತಿಲ್ಲ. ಬದುಕಿದರು ಅಂತ ಬರೆದರೂ ತಪ್ಪು, ಬಿಟ್ಟುಬಿಟ್ಟರೂ ತಪ್ಪು, ಯಾಕಂದರೆ 20 ತಿಂಗಳವರೆಗೆ ಅವರು ಇದ್ದರು ಅನ್ನುವುದಂತೂ ನಿಜ. 1958ರಲ್ಲಿ ಕಪ್ಲಾನ್ ಮತ್ತು ಮಯರ್ ಅನ್ನುವವರು ಇದಕ್ಕೊಂದು ದಾರಿ ಹೇಳಿದರು. ಇದ್ದಷ್ಟು ಕಾಲ ಲೆಕ್ಕದಲ್ಲಿ ಇಟ್ಟುಕೊಂಡು, ಹೋದ ಮೇಲೆ ಭಾಗಿಸುವ ಸಂಖ್ಯೆಯಿಂದ ಕೈಬಿಡುವುದು. ಎಷ್ಟು ಪಾಲು ಜನ ಇನ್ನೂ ಇದ್ದಾರೆ ಅಂತ ತೋರಿಸುತ್ತಾ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಗೆರೆಯನ್ನು ಎಲ್ಲಾ ಕ್ಯಾನ್ಸರ್ ಪೇಪರ್‌ಗಳಲ್ಲೂ ನೋಡುತ್ತೀರಿ. 1972ರಲ್ಲಿ ಡೇವಿಡ್ ಕಾಕ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಯಸ್ಸು, ಗಡ್ಡೆಯ ಗಾತ್ರ, ಜೀನ್ ಹೀಗೆ ಏನೇ ಇರಲಿ, ಅದು ಅಪಾಯವನ್ನು ಎಷ್ಟು ಪಟ್ಟು ಏರಿಸುತ್ತದೆ ಅಂತ ಅಳೆಯುವ ಮಾಡೆಲ್ ಕೊಟ್ಟರು. ಆರ್ ಸಾಫ್ಟ್‌ವೇರ್‌ನಲ್ಲಿ ಇವೆರಡೂ ಒಂದೊಂದು ಸಾಲಿನ ಕೆಲಸ.

ಸುಲಭ ಆಗಿರುವುದೇ ತೊಂದರೆ. ಒಂದು ಸಾಲು ಬರೆದು 20,000 ಜೀನ್ ಮೇಲೆ ಓಡಿಸಿದರೆ ಅರ್ಧ ಕಪ್ ಕಾಫಿ ಮುಗಿಯುವಷ್ಟರಲ್ಲಿ ಉತ್ತರ ಬರುತ್ತದೆ. ಪಿ ವ್ಯಾಲ್ಯೂ, ಅಂದರೆ ಸಂಬಂಧವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ, 0.05ಕ್ಕಿಂತ ಕಮ್ಮಿ ಇರುವ ಜೀನ್‌ಗಳು ಅಂತ ಸೋಸಿದರೆ ಉದ್ದದ ಪಟ್ಟಿ. ಆದರೆ ಯಾವ ಸಂಬಂಧವೂ ಇಲ್ಲದ 20,000 ಜೀನ್ ತೆಗೆದುಕೊಂಡರೂ ಆ 0.05ರ ಮಿತಿಯನ್ನು ಸುಮಾರು 1,000 ಜೀನ್ ಬರೀ ಆಕಸ್ಮಿಕವಾಗಿ ದಾಟುತ್ತವೆ. ಮೇಡಂ ಮೊದಲ ದಿನವೇ ಇದನ್ನು ಬೋರ್ಡ್ ಮೇಲೆ ಬರೆದು, ಅಳಿಸಬೇಡ ಅಂದಿದ್ದರು. ಅದಕ್ಕೆ ತಿದ್ದುಪಡಿ ಮಾಡಿದ ಮೇಲೂ ನನ್ನ ಪಟ್ಟಿಯಲ್ಲಿ ತುಂಬಾ ಜೀನ್ ಉಳಿದವು. ಅವುಗಳನ್ನು ನೋಡಿದರೆ ಎರಡು ಗುಂಪು ಎದ್ದು ಕಾಣುತ್ತಿತ್ತು. ಟಾಪ್2ಎ, ಸಿಸಿಎನ್‌ಬಿ1 ಥರದ ಜೀನ್‌ಗಳು, ಇವು ಕೋಶ ಬೇಗ ಬೇಗ ಎರಡಾಗುವಾಗ ಏರುತ್ತವೆ. ಇವು ಜಾಸ್ತಿ ಇದ್ದವರ ಗೆರೆ ಬೇಗ ಇಳಿಯುತ್ತದೆ. ಇನ್ನೊಂದು ಕಡೆ ಔಷಧಿ ಕರಗಿಸುವ, ಪಿತ್ತ ಮಾಡುವ, ಅಂದರೆ ಲಿವರ್ ಲಿವರ್ ಥರ ಕೆಲಸ ಮಾಡಲು ಬೇಕಾದ ಜೀನ್‌ಗಳು. ಇವು ಉಳಿದುಕೊಂಡಿದ್ದವರು ಹೆಚ್ಚು ದಿನ ಇರುತ್ತಾರೆ. ಬೇಗ ಬೆಳೆಯುವ, ತಾನು ಯಾರು ಅನ್ನುವುದನ್ನೇ ಮರೆತ ಗಡ್ಡೆ ಕೆಟ್ಟದ್ದು ಅಂತಾಯ್ತು. ಇಷ್ಟು ಹೇಳಲು 20,000 ಜೀನ್ ಬೇಕಿತ್ತಾ ಅಂತ ನನ್ನ ರೂಂಮೇಟ್ ಕೇಳಿದಳು. ನ್ಯಾಯವಾದ ಪ್ರಶ್ನೆಯೇ.

ಹಿಂದೆ ಬಂದ ಪೇಪರ್‌ಗಳೂ ಇದೇ ದಾರಿಯವು. 2003ರಲ್ಲಿ ಹೆಪಟೈಟಿಸ್ ಬಿ ಇರುವವರ ಗಡ್ಡೆಗಳಲ್ಲಿ ಹರಡುವಿಕೆಗೆ ಸಂಬಂಧಪಟ್ಟ ಜೀನ್‌ಗಳ ಪಟ್ಟಿ ಬಂತು, ಅದರಲ್ಲಿ ಮುಂದೆ ನಿಂತದ್ದು ಆಸ್ಟಿಯೋಪಾಂಟಿನ್ ಅನ್ನುವ ಜೀನ್. 2013ರಲ್ಲಿ ಫ್ರಾನ್ಸ್‌ನವರು ಪಟ್ಟಿಯನ್ನು ಐದೇ ಜೀನ್‌ಗೆ ಇಳಿಸಿದರು: ಟಿಎಎಫ್9, ಆರ್‌ಎಎಂಪಿ3, ಎಚ್‌ಎನ್1, ಕೆಆರ್‌ಟಿ19, ಆರ್‌ಎಎನ್. ಅದೂ ಆಪರೇಷನ್ ಆದವರಿಗಾಗಿಯೇ ಮಾಡಿದ್ದು. ಐದು ಅಂದರೆ ಸಾಮಾನ್ಯ ಪಿಸಿಆರ್ ಯಂತ್ರದಲ್ಲೇ ಆಗುವ ಕೆಲಸ. ಕೋವಿಡ್ ಕಾಲದಲ್ಲಿ ಜಿಲ್ಲೆ ಜಿಲ್ಲೆಗೂ ಬಂತಲ್ಲ, ಅದೇ ಜಾತಿಯ ಯಂತ್ರ.

ನಾನೂ ಲ್ಯಾಸೋ ಅನ್ನುವ ವಿಧಾನ ಬಳಸಿ ಪಟ್ಟಿ ಚಿಕ್ಕದು ಮಾಡಿದೆ. ಒಂದೇ ಥರ ಏರಿಳಿಯುವ ಜೀನ್‌ಗಳಲ್ಲಿ ಒಂದೆರಡನ್ನು ಇಟ್ಟುಕೊಂಡು ಉಳಿದದ್ದಕ್ಕೆ ಸೊನ್ನೆ ಹಾಕುವುದು ಅದರ ಕೆಲಸ. ಚೀನಾ ಡೇಟಾದಲ್ಲಿ ಕಲಿತ ಮಾಡೆಲ್‌ಗೆ ಅದೇ ಡೇಟಾದಲ್ಲಿ ಪರೀಕ್ಷೆ ಕೊಟ್ಟರೆ, ಅಪಾಯ ಜಾಸ್ತಿ ಅಂದವರ ಮತ್ತು ಕಮ್ಮಿ ಅಂದವರ ಗೆರೆಗಳು ಬಾಯಿ ತೆರೆದು ದೂರ ದೂರ ಹೋಗುತ್ತವೆ, ಚಿತ್ರ ನೋಡಲು ಚೆನ್ನ. ಅದೇ ಮಾಡೆಲನ್ನು ಒಂದಕ್ಷರ ಬದಲಿಸದೆ ಟಿಸಿಜಿಎ ಮೇಲೆ ಹಾಕಿದೆ. ಗೆರೆಗಳು ಬೇರೆಯಾಗಿಯೇ ಇದ್ದವು, ಆದರೆ ಹತ್ತಿರ ಹತ್ತಿರ ಬಂದುಬಿಟ್ಟವು. ಇಬ್ಬರು ರೋಗಿಗಳನ್ನು ಮುಂದಿಟ್ಟರೆ ಯಾರಿಗೆ ಮೊದಲು ತೊಂದರೆ ಅಂತ ಎಷ್ಟು ಸಲ ಸರಿಯಾಗಿ ಹೇಳುತ್ತದೆ ಅಂತ ಅಳೆಯುವ ಸಿ ಇಂಡೆಕ್ಸ್ ಅಂತ ಒಂದಿದೆ. 0.5 ಅಂದರೆ ಸುಮ್ನೆ ಊಹೆ, 1 ಅಂದರೆ ಒಂದೂ ತಪ್ಪಿಲ್ಲ. ಹೊರಗಿನ ಡೇಟಾದಲ್ಲಿ ನನ್ನದು ಊಹೆಗಿಂತ ಮೇಲೆ, ನಂಬಿ ಒಬ್ಬ ಮನುಷ್ಯನಿಗೆ ಹೇಳುವ ಮಟ್ಟಕ್ಕಿಂತ ಕೆಳಗೆ. ಗಡ್ಡೆಯ ಗಾತ್ರ, ಹಂತ, ಎಎಫ್‌ಪಿ ಇವಿಷ್ಟನ್ನೇ ಹಾಕಿ ಮಾಡಿದ ಮಾಮೂಲಿ ಮಾಡೆಲ್ ಕೂಡ ಅಲ್ಲೇ ಹತ್ತಿರದಲ್ಲಿತ್ತು. ಜೀನ್ ಸೇರಿಸಿದರೆ ಸ್ವಲ್ಪ ಮೇಲೇರುತ್ತಿತ್ತು. ಸ್ವಲ್ಪವೇ.

ಆಮೇಲೆ ಮೇಡಂ ಒಂದು ಪೇಪರ್ ಕಳಿಸಿದರು, ಅದನ್ನು ಓದಿ ಎರಡು ದಿನ ಕೆಲಸ ಮಾಡಲು ಮನಸ್ಸೇ ಬರಲಿಲ್ಲ. 2011ರದ್ದು. ಸ್ತನ ಕ್ಯಾನ್ಸರ್ ಡೇಟಾದಲ್ಲಿ ಸುಮ್ಮನೆ ಚೀಟಿ ಎತ್ತಿ ಆರಿಸಿದ ಜೀನ್‌ಗಳ ಪಟ್ಟಿಗಳೂ ಬಹುಪಾಲು ರೋಗಿಗಳ ಭವಿಷ್ಯದ ಜೊತೆ ಸಂಬಂಧ ತೋರಿಸುತ್ತವೆ ಅಂತ ಅವರು ತೋರಿಸಿದ್ದರು. ಕಾರಣ ಸರಳ. ಕೋಶ ಬೇಗ ಬೆಳೆಯುವಾಗ ಅದರ ಜೊತೆ ಸಾವಿರಾರು ಜೀನ್ ಏರುತ್ತವೆ ಇಳಿಯುತ್ತವೆ, ಎಲ್ಲಿ ಕೈ ಹಾಕಿದರೂ ಅದರ ಬಾಲ ಸಿಗುತ್ತದೆ. ನಾನೂ ಮಾಡಿ ನೋಡಿದೆ. ಕಂಪ್ಯೂಟರ್‌ಗೆ ಯಾವುದಾದರೂ ಜೀನ್ ಆರಿಸು ಅಂತ ಹೇಳಿ, ನನ್ನ ಪಟ್ಟಿಯಷ್ಟೇ ಉದ್ದದ ಪಟ್ಟಿಗಳನ್ನು ಮತ್ತೆ ಮತ್ತೆ ಮಾಡಿಸಿದೆ. ಟಿಸಿಜಿಎ ಲಿವರ್ ಡೇಟಾದಲ್ಲಿ ಆ ಕುರುಡು ಪಟ್ಟಿಗಳಲ್ಲಿ ಎಷ್ಟೋ 0.05 ದಾಟಿದವು. ನನ್ನ ಪಟ್ಟಿ ಅವುಗಳಿಗಿಂತ ಮುಂದಿತ್ತು ನಿಜ. ಆದರೆ ಈ ಒಂದು ಗ್ರಾಫ್ ನೋಡಿದ ಮೇಲೆ, ಏಳು ಜೀನ್‌ನ ಹೊಸ ಸಿಗ್ನೇಚರ್ (ಭವಿಷ್ಯ ಹೇಳುವ ಜೀನ್ ಪಟ್ಟಿ), ಒಂಬತ್ತು ಜೀನ್‌ನ ಹೊಸ ಸಿಗ್ನೇಚರ್ ಅಂತ ಬರುವ ಪೇಪರ್‌ಗಳ ಮೇಲೆ ನನಗೆ ಮೊದಲಿನ ಗೌರವ ಉಳಿದಿಲ್ಲ. ಅದೇ ಟಿಸಿಜಿಎ ಡೇಟಾವನ್ನು ಎಷ್ಟು ಜನ ಎಷ್ಟು ಸಲ ಹಿಂಡಿದ್ದಾರೋ. ಕುರುಡು ಪಟ್ಟಿಯ ಜೊತೆ ಹೋಲಿಸಿ ತೋರಿಸದ ಪೇಪರ್ ಓದಲು ನಾನಂತೂ ಕೂರಲ್ಲ.

ಇಲ್ಲಿಗೆ ಬಿಟ್ಟಿದ್ದರೆ ಪ್ರಾಜೆಕ್ಟ್ ಒಣಗಿಹೋಗುತ್ತಿತ್ತು. ತಿರುವು ಕೊಟ್ಟಿದ್ದು 2008ರ ಒಂದು ಪೇಪರ್, ಹೊಶಿದಾ ಮತ್ತು ಜೊತೆಗಾರರದ್ದು. ಅವರು ಹಿಡಿದ ದಾರಿ ಬೇರೆ. ಆಪರೇಷನ್ ಆದ ಮೇಲೆ ಪ್ಯಾಥಾಲಜಿಯವರು ತುಣುಕನ್ನು ಫಾರ್ಮಲಿನ್‌ನಲ್ಲಿ ಅದ್ದಿ, ಮೇಣದಲ್ಲಿ ಕೂರಿಸಿ ಇಡುತ್ತಾರೆ. ಆ ಹಳೆಯ ಮೇಣದ ತುಣುಕುಗಳಲ್ಲಿ ಆರ್‌ಎನ್‌ಎ ಚೂರು ಚೂರಾಗಿರುತ್ತದೆ, ಅದರಿಂದ ಏನೂ ಆಗಲ್ಲ ಅನ್ನುವುದು ಆಗಿನ ನಂಬಿಕೆ. ಇವರು ಚೂರುಗಳನ್ನೇ ಓದುವ ವಿಧಾನ ಬಳಸಿ, 24 ವರ್ಷಕ್ಕೂ ಹಳೆಯ ತುಣುಕುಗಳಿಂದಲೂ ಓದಿದರು. 90% ಮಾದರಿಗಳಲ್ಲಿ ಕೆಲಸ ಆಯ್ತು. ಆಮೇಲೆ ನೋಡಿದರೆ, ಗಡ್ಡೆಯ ಜೀನ್‌ಗಳು ಯಾರು ಎಷ್ಟು ಕಾಲ ಬದುಕುತ್ತಾರೆ ಅನ್ನುವುದರ ಬಗ್ಗೆ ಏನೂ ಖಚಿತವಾಗಿ ಹೇಳಲಿಲ್ಲ. ಹೇಳಿದ್ದು ಪಕ್ಕದ ಲಿವರ್. ಗಡ್ಡೆಯಿಲ್ಲದ, ಎಲ್ಲರೂ ಕಡೆಗಣಿಸಿದ ಭಾಗ. ಜಪಾನಿನ 82 ರೋಗಿಗಳಲ್ಲಿ ಅದು ಕಂಡಿತು. ಅಲ್ಲಿ ಸಿಕ್ಕ 186 ಜೀನ್‌ಗಳ ಪಟ್ಟಿಯನ್ನು ಅಮೆರಿಕ ಮತ್ತು ಯುರೋಪಿನ 225 ಬೇರೆ ರೋಗಿಗಳಲ್ಲಿ ಪರೀಕ್ಷಿಸಿದರು, ಅಲ್ಲೂ ನಿಂತಿತು.

ಇದನ್ನು ಕಣ್ಣಲ್ಲಿ ನೋಡಬೇಕು ಅನ್ನಿಸಿತು. ಶಿವಮೊಗ್ಗದ ಒಂದು ಪ್ಯಾಥಾಲಜಿ ಲ್ಯಾಬಿನಲ್ಲಿ ನನ್ನ ಸೀನಿಯರ್ ಅಕ್ಕ ಒಬ್ಬರು ಕೆಲಸ ಮಾಡುತ್ತಾರೆ. ಅವರನ್ನು ಗೋಗರೆದು ಒಂದು ಮಧ್ಯಾಹ್ನ ಹೋದೆ. ಯಾರದು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬ್ಲಾಕ್ ಅಂದರೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಚೌಕಟ್ಟು, ಅದರ ಬೆನ್ನಿಗೆ ಬಿಳಿ ಮೇಣ, ಮೇಣದ ಒಳಗೆ ಕಂದು ಬಣ್ಣದ ಚಪ್ಪಟೆ ತುಣುಕು, ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದ ನಂಬರ್. ಅದರಿಂದ ಸಿಪ್ಪೆಯಂಥ ಪದರ ತೆಗೆದು ಬಣ್ಣ ಹಾಕಿದ ಸ್ಲೈಡನ್ನು ಮೈಕ್ರೋಸ್ಕೋಪ್ ಕೆಳಗಿಟ್ಟರು. ಒಂದು ಕಡೆ ಗಡ್ಡೆ. ನೇರಳೆ ನ್ಯೂಕ್ಲಿಯಸ್‌ಗಳು ಒತ್ತೊತ್ತಾಗಿ, ದಪ್ಪ ದಪ್ಪ ಪಟ್ಟಿಗಳಾಗಿ. ಅಕ್ಕ ಸ್ಲೈಡನ್ನು ಮೆಲ್ಲಗೆ ಸರಿಸಿದರು. ಗಡ್ಡೆ ಮುಗಿಯಿತು. ಇನ್ನು ಒಳ್ಳೆಯ ಲಿವರ್ ಬರುತ್ತೆ ಅಂದುಕೊಂಡೆ. ಬಂದಿದ್ದು ಒಳ್ಳೆಯದಲ್ಲ. ಗುಲಾಬಿ ಬಣ್ಣದ ನಾರು ಎಲ್ಲಾ ಕಡೆ ಹಬ್ಬಿ, ನಡುನಡುವೆ ದುಂಡು ದುಂಡಾಗಿ ಸಿಕ್ಕಿಬಿದ್ದ ಕೋಶಗಳ ಗುಂಪು. ಸಿರೋಸಿಸ್. "ನೋಡು, ಸರ್ಜನ್ ತೆಗೆದದ್ದು ಆ ಕಡೆಯದನ್ನು. ಪೇಷಂಟ್ ಮನೆಗೆ ತಗೊಂಡು ಹೋಗಿದ್ದು ಈ ಕಡೆಯದನ್ನು" ಅಂದರು ಅಕ್ಕ. ನೂರು ಪುಟ ಓದಿದ್ದು ಅಲ್ಲಿ ಒಂದೇ ಸಲ ತಲೆಗೆ ಹತ್ತಿತು.

ಮತ್ತೆ ಬರುವುದರಲ್ಲಿ ಎರಡು ಬಗೆ. ಮೊದಲ 2 ವರ್ಷದೊಳಗೆ ಬರುವುದು ಬಹುಪಾಲು ಹಳೆಯ ಗಡ್ಡೆಯದೇ ಉಳಿಕೆ. ಆಪರೇಷನ್‌ಗೆ ಮೊದಲೇ ಅದರ ಕೋಶಗಳು ರಕ್ತನಾಳ ಹಿಡಿದು ಲಿವರ್‌ನ ಬೇರೆ ಕಡೆ ಹೋಗಿ ಕೂತಿರುತ್ತವೆ, ಸ್ಕ್ಯಾನ್‌ಗೆ ಕಾಣುವಷ್ಟು ದೊಡ್ಡದಾಗಿರಲ್ಲ ಅಷ್ಟೆ. 2 ವರ್ಷ ದಾಟಿ ಬರುವುದರಲ್ಲಿ ಎಷ್ಟೋ ಸಲ ಅದು ಹೊಸ ಗಡ್ಡೆ. ಕೆಟ್ಟ ಲಿವರ್‌ನಲ್ಲಿ ಹೊಸದಾಗಿ ಹುಟ್ಟಿದ್ದು. ಮೊದಲನೆಯದರ ಸುಳಿವು ಗಡ್ಡೆಯಲ್ಲಿರಬೇಕು, ಎರಡನೆಯದರ ಸುಳಿವು ಉಳಿದ ಲಿವರ್‌ನಲ್ಲಿರಬೇಕು. ಹಾಗಾಗಿ ನನ್ನ ಡೇಟಾವನ್ನೂ 2 ವರ್ಷಕ್ಕೆ ಕತ್ತರಿಸಿ ಎರಡು ಲೆಕ್ಕ ಮಾಡಿದೆ. ಗಡ್ಡೆಯ ಜೀನ್‌ಗಳು ಬೇಗ ಬರುವವರನ್ನು ಚೆನ್ನಾಗಿಯೇ ಬೇರೆ ಮಾಡಿದವು, 2 ವರ್ಷದ ನಂತರದ ಲೆಕ್ಕದಲ್ಲಿ ಅವುಗಳ ಮಾತು ತೊದಲಿತು. ಪಕ್ಕದ ಲಿವರ್‌ನ 186 ಜೀನ್‌ಗಳು ತಡವಾಗಿ ಬರುವವರ ಕಡೆ ವಾಲಿದವು. ಆದರೆ 2 ವರ್ಷ ದಾಟಿದ ಮೇಲೆ ಲೆಕ್ಕದಲ್ಲಿ ಉಳಿಯುವವರೇ ಕಮ್ಮಿ, ಹಾಗಾಗಿ ಆ ಗೆರೆಗಳ ಸುತ್ತ ಇರುವ ಅನುಮಾನದ ಪಟ್ಟಿ ಅಗಲವಾಗಿತ್ತು. ರಿಪೋರ್ಟ್‌ನಲ್ಲಿ ಹಾಗೇ ಬರೆದೆ.

ದೊಡ್ಡಪ್ಪನಿಗೆ ಇದನ್ನು ಹೇಳಿದ್ದು ಮನೆಗೆ ಹೋದಾಗ, ಅಡಿಕೆ ಸುಲಿಯುವವರು ಊಟಕ್ಕೆ ಎದ್ದ ಹೊತ್ತಲ್ಲಿ. ಜೀನ್ ಅಂತೆಲ್ಲ ಹೇಳಿ ಮುಗಿಸುವ ಮೊದಲೇ ಅವರು ಕೈ ಎತ್ತಿದರು. "ಅಣಬೆ ರೋಗದ ಹಾಗೆ ಅನ್ನು. ಮರ ಕಡಿದರೆ ಆಯ್ತಾ? ರೋಗ ಇರೋದು ಮಣ್ಣಲ್ಲಿ, ಬೇರಲ್ಲಿ. ಬುಡ ಸಮೇತ ಕಿತ್ತು ಸುತ್ತ ಅಗಳು ತೆಗೀದಿದ್ರೆ ಪಕ್ಕದ ಮರಕ್ಕೆ ಬಂದೇ ಬರ್ತದೆ." ನಾನು ಸ್ಲೈಡ್ ಮೇಲೆ ಸ್ಲೈಡ್ ಮಾಡಿ ಹೇಳಲು ಹೊರಟಿದ್ದನ್ನು ಇಷ್ಟರಲ್ಲಿ ಮುಗಿಸಿಬಿಟ್ಟರು. ಆಮೇಲೆ ಕೇಳಿದ್ದು ಮಾತ್ರ ಕಷ್ಟದ್ದು. "ಸರಿ, ನನ್ನದು ಬರ್ತದಾ ಇಲ್ವಾ?"

ಇದಕ್ಕೆ ನನ್ನ ಕೋಡ್ ಹತ್ತಿರ ಉತ್ತರವಿಲ್ಲ. ಅದು ಹೇಳುವುದು ಗುಂಪಿನ ಮಾತು. ಜೀನ್‌ಗಳನ್ನು ನೋಡಿ ಮಾಡೆಲ್ ಕೊಡುವ ಅಪಾಯದ ಸ್ಕೋರ್ ಇಂಥದ್ದು ಇರುವ ನೂರು ಜನರಲ್ಲಿ ಇಷ್ಟು ಜನರಿಗೆ ಬೇಗ ಬಂತು, ಇಷ್ಟು ಜನರಿಗೆ ಬರಲಿಲ್ಲ ಅಂತ. ಮೇಲಿನ ಗೆರೆಯಲ್ಲೂ ತೀರಿಕೊಂಡವರಿದ್ದಾರೆ, ಕೆಳಗಿನ ಗೆರೆಯಲ್ಲೂ ವರ್ಷಗಟ್ಟಲೆ ಚೆನ್ನಾಗಿದ್ದವರಿದ್ದಾರೆ. "ಗೊತ್ತಿಲ್ಲ ದೊಡ್ಡಪ್ಪ" ಅಂದೆ. "ಇಷ್ಟೆಲ್ಲ ಓದಿ ಕೊನೆಗೆ ಗೊತ್ತಿಲ್ಲ ಅಂತೀಯಲ್ಲ ಮಾರಾಯ್ತಿ" ಅಂತ ನಕ್ಕರು. ಆದರೆ ಅಗಳು ಹೇಗೆ ತೆಗೆಯುವುದು ಅಂತ ಮಾತ್ರ ಬಿಡದೆ ಕೇಳಿದರು, ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ವೈರಸ್ ಹತೋಟಿಯಲ್ಲಿಡುವ ಮಾತ್ರೆ, ಟೆನೋಫೋವಿರ್ ಅಥವಾ ಎಂಟೆಕಾವಿರ್, ಒಂದು ದಿನವೂ ತಪ್ಪಿಸದೆ. ಉಳಿದ ಲಿವರ್ ಇನ್ನಷ್ಟು ಹಾಳಾಗದ ಹಾಗೆ ನೋಡಿಕೊಳ್ಳುವುದು ಅದೇ, ಆಪರೇಷನ್ ನಂತರ ಮತ್ತೆ ಬರುವುದನ್ನು ಅದು ಕಮ್ಮಿ ಮಾಡುತ್ತದೆ ಅನ್ನುವುದಕ್ಕೆ ಸಾಕ್ಷಿಯೂ ಇದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದರ ಪರೀಕ್ಷೆ, ಮಾತ್ರೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ, ಮೆಡಿಕಲ್ ಶಾಪ್‌ನಲ್ಲಿ ದುಡ್ಡು ಸುರಿಯುತ್ತಾರೆ, ದುಡ್ಡು ಮುಗಿದಾಗ ಮಾತ್ರೆ ಬಿಡುತ್ತಾರೆ. ವೈದ್ಯರನ್ನು ಕೇಳದೆ ಅದನ್ನು ಹಾಗೆ ಬಿಡುವುದು ಅಪಾಯ, ವೈರಸ್ ಒಮ್ಮೆಲೇ ಏಳಬಹುದು. ಮನೆಯವರೆಲ್ಲ ಒಂದು ಸಲ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿ, ಇಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು ಅಂತಲೂ ಹೇಳಿದೆ. ನಮ್ಮ ಮನೆಯಲ್ಲಿ ಅದಕ್ಕೂ ಜಗಳವಾಡಬೇಕಾಯ್ತು, ಬಿಡಿ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಇನ್ನೂ ನೇರ. ಸ್ಕೋರ್ ಜಾಸ್ತಿ ಬಂತು ಅಂತಿಟ್ಟುಕೋ, ಡಾಕ್ಟರ್ ಏನು ಮಾಡಬೇಕು? ಇಲ್ಲೇ ಎಲ್ಲಾ ಸಿಕ್ಕಿಬೀಳುವುದು. ಆಪರೇಷನ್ ನಂತರ ಸೊರಾಫೆನಿಬ್ ಅನ್ನುವ ಕ್ಯಾನ್ಸರ್ ಮಾತ್ರೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು, ಲಾಭ ಇಲ್ಲ. 2023ರಲ್ಲಿ ಅಟೆಜೊಲಿಜುಮಾಬ್ ಮತ್ತು ಬೆವಾಸಿಜುಮಾಬ್ ಅನ್ನುವ ಔಷಧಿ ಜೋಡಿಯ ಪ್ರಯೋಗದಲ್ಲಿ ಶುರುವಿಗೆ ಒಳ್ಳೆಯ ಸುದ್ದಿ ಬಂದು ಎಲ್ಲರೂ ಖುಷಿಪಟ್ಟರು, ಇನ್ನಷ್ಟು ಕಾಲ ಗಮನಿಸಿದಾಗ ಆ ಲಾಭ ಉಳಿಯಲಿಲ್ಲ. ಅಂದರೆ ಅಪಾಯ ಜಾಸ್ತಿ ಅಂತ ಗೊತ್ತಾದರೂ ಕೊಡಲು ಕೈಯಲ್ಲಿ ಗಟ್ಟಿ ಮದ್ದಿಲ್ಲ. ಸ್ಕೋರ್ ಇಂದು ಕೆಲಸಕ್ಕೆ ಬರುವುದು ಮುಂದಿನ ಪ್ರಯೋಗಕ್ಕೆ ಯಾರನ್ನು ಸೇರಿಸಬೇಕು ಅಂತ ಆರಿಸಲು, ಯಾರನ್ನು ಹೆಚ್ಚು ಹತ್ತಿರದಿಂದ ನೋಡಬೇಕು ಅಂತ ತೀರ್ಮಾನಿಸಲು ಅಂದೆ. ಪರೀಕ್ಷಕರು ಏನೂ ಹೇಳದೆ ಮುಂದಿನ ಪುಟ ತಿರುವಿದರು. ಮಾರ್ಕ್ಸ್ ಚೆನ್ನಾಗಿಯೇ ಬಂತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ ಜೀನ್ ಟೆಸ್ಟ್ ಎಲ್ಲಿ ಸಿಗುತ್ತೆ ಅಂತ ಓಡಾಡುವ ಮೊದಲು ಹಿಸ್ಟೋಪ್ಯಾಥಾಲಜಿ ರಿಪೋರ್ಟ್ ತೆಗೆದು ಓದಿ. ಅದರಲ್ಲಿ ಸೂಕ್ಷ್ಮ ರಕ್ತನಾಳಗಳ ಒಳಗೆ ಗಡ್ಡೆಯ ಕೋಶ ಹೊಕ್ಕಿದೆಯಾ ಅಂತ ಬರೆದಿರುತ್ತಾರೆ, ಬೇಗ ಮರಳುವುದರ ಬಗ್ಗೆ ಅದು ದೊಡ್ಡ ಸುಳಿವು. ಗಡ್ಡೆ ಎಷ್ಟು ದೊಡ್ಡದು, ಎಷ್ಟಿತ್ತು, ಕತ್ತರಿಸಿದ ಅಂಚು ಶುದ್ಧವಾಗಿದೆಯಾ ಅಂತಲೂ ಇರುತ್ತದೆ. ಕೊನೆಯಲ್ಲಿ ಎಲ್ಲೋ ಒಂದು ಸಾಲಿನಲ್ಲಿ ಉಳಿದ ಲಿವರ್ ಹೇಗಿದೆ, ನಾರು ಎಷ್ಟು, ಸಿರೋಸಿಸ್ ಇದೆಯಾ ಅಂತ ಇರುತ್ತದೆ. ಆ ಸಾಲು ಇಲ್ಲದಿದ್ದರೆ ಕೇಳಿ ಬರೆಸಿ. ಇವಿಷ್ಟಕ್ಕೆ ಹೆಚ್ಚಿನ ದುಡ್ಡಿಲ್ಲ, ಆಗಲೇ ಕೊಟ್ಟಾಗಿದೆ.

ಮೇಣದ ಬ್ಲಾಕ್ ಬಗ್ಗೆಯೂ ವಿಚಾರಿಸಿ. ಎರಡನೇ ಅಭಿಪ್ರಾಯಕ್ಕೆ ಬೇಕು ಅಂದರೆ ಸಾಮಾನ್ಯವಾಗಿ ಬರೆಸಿಕೊಂಡು ಕೊಡುತ್ತಾರೆ. ಅಲ್ಲೇ ಇಟ್ಟಿರಿ ಅಂದರೆ ನಂಬರ್ ಬರೆದಿಟ್ಟುಕೊಳ್ಳಿ, ಎಷ್ಟು ವರ್ಷ ಇಡುತ್ತಾರೆ ಅಂತ ಕೇಳಿಕೊಳ್ಳಿ. ನಾವು ತಂದೇಬಿಟ್ಟೆವು. ಗಡ್ಡೆಯದೊಂದು, ಪಕ್ಕದ ಲಿವರ್‌ನದೊಂದು, ಒಂದು ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ದೇವೆ. ಒಲೆ, ಬಿಸಿಲಿನ ಹತ್ತಿರ ಇಡುವಂತಿಲ್ಲ, ಮೇಣ ಕರಗುತ್ತದೆ. ದೊಡ್ಡಮ್ಮನಿಗೆ ಅದು ಮನೆಯೊಳಗಿರುವುದೇ ಹಿಡಿಸಿಲ್ಲ, ಕೊಟ್ಟಿಗೆಯ ಅಟ್ಟದ ಮೇಲಿಡಿ ಅಂತ ಇವತ್ತಿಗೂ ಹೇಳುತ್ತಾರೆ. ದೊಡ್ಡಪ್ಪ ಕೇಳಲ್ಲ. "ನನ್ನದೇ ಲಿವರ್, ನನ್ನ ಬೀರುವಿನಲ್ಲಿ ಇದ್ದರೆ ನಿನಗೇನು ಕಷ್ಟ?" ಅನ್ನುತ್ತಾರೆ. ಸ್ಕ್ಯಾನ್‌ಗೆ ಮಾತ್ರ ಈಗ ತಕರಾರಿಲ್ಲದೆ ಹೊರಡುತ್ತಾರೆ, ಬೆಳಗಿನ ಮೊದಲ ಬಸ್ಸಿಗೇ.